ಹಾಸಿಗೆಗೆ ನಕಲು ಇರಲಿಲ್ಲ: ಫೇರ್ ಐಲ್ ಪಕ್ಷಿ ವೀಕ್ಷಣಾಲಯದ ಪ್ರಕರಣ

2019ರ ಮಾರ್ಚ್ 10, ಭಾನುವಾರ. ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್ ದ್ವೀಪಸಮೂಹಗಳ ನಡುವೆ ಒಂಟಿಯಾಗಿರುವ ಫೇರ್ ಐಲ್ ದ್ವೀಪದಲ್ಲಿ ಪಕ್ಷಿ ವೀಕ್ಷಣಾಲಯದ ಕಟ್ಟಡಕ್ಕೆ ಬೆಂಕಿ ಬಿತ್ತು. ದ್ವೀಪದವರದೇ ಸಣ್ಣ ಅಗ್ನಿಶಾಮಕ ತಂಡ ಮೊದಲು ಧಾವಿಸಿತು. ಹೆಚ್ಚಿನ ಸಿಬ್ಬಂದಿ ಕಡಲು ದಾಟಿ ಬರಬೇಕಿತ್ತು. ಕಟ್ಟಡ ಪೂರ್ತಿ ನಾಶವಾಯಿತು. ಋತು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಅತಿಥಿಗಳು ಇರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದರೆ ಅಲ್ಲೇ ವಾಸವಿದ್ದ, ವೀಕ್ಷಣಾಲಯದ ಉಸ್ತುವಾರಿ ನೋಡುವ ವಾರ್ಡನ್ ಅವರ ಕುಟುಂಬ ಮನೆ ಕಳೆದುಕೊಂಡಿತು. ಗ್ರಂಥಾಲಯವೂ ಉಳಿಯಲಿಲ್ಲ.

ಹಕ್ಕಿಗಳ ದಾಖಲೆ ಮಾತ್ರ ಉಳಿಯಿತು. 1948ರಿಂದ ದಿನದಿನವೂ ಬರೆದುಕೊಂಡು ಬಂದದ್ದನ್ನು ಮೊದಲೇ ಡಿಜಿಟಲ್ ರೂಪಕ್ಕೆ ತಂದು ಬೇರೆಡೆ ಇಟ್ಟಿದ್ದರು. ಎಪ್ಪತ್ತು ವರ್ಷದ ವಿಜ್ಞಾನ ಹೀಗೆ ಬಚಾವಾಯಿತು. ಬಚಾವಾಗದೆ ಹೋದದ್ದು ಸುಮಾರು 30 ಜನ ತಂಗಬಹುದಾಗಿದ್ದ ವ್ಯವಸ್ಥೆ. ಐವತ್ತರ ಆಸುಪಾಸಿನ ಜನಸಂಖ್ಯೆಯ ದ್ವೀಪದಲ್ಲಿ 30 ಹಾಸಿಗೆ ಎಂದರೆ ಏನು ಎನ್ನುವುದೇ ಈ ಪ್ರಕರಣದ ತಿರುಳು.

ದ್ವೀಪ ನಡೆಯುವ ಬಗೆ

ಫೇರ್ ಐಲ್ ಸುಮಾರು 5 ಕಿ.ಮೀ. ಉದ್ದ, ಎರಡೂವರೆ ಕಿ.ಮೀ. ಅಗಲ, 768 ಹೆಕ್ಟೇರ್, ಅಂದರೆ 1,900 ಎಕರೆಗೆ ತುಸು ಕಡಿಮೆ. ಉತ್ತರಕ್ಕೆ ಶೆಟ್‌ಲ್ಯಾಂಡಿನ ದೊಡ್ಡ ದ್ವೀಪ 38 ಕಿ.ಮೀ. ದೂರ, ದಕ್ಷಿಣಕ್ಕೆ ಆರ್ಕ್ನಿಯ ಹತ್ತಿರದ ದ್ವೀಪ ಅದಕ್ಕಿಂತಲೂ ದೂರ. ದ್ವೀಪದ ನಡುವೆ ಅಡ್ಡಲಾಗಿ ಕಲ್ಲುಗೋಡೆ ಇದೆ. ಗೋಡೆಯ ದಕ್ಷಿಣಕ್ಕೆ ಮನೆಗಳು, ಕ್ರಾಫ್ಟ್ ಎಂದು ಕರೆಯುವ ಸಣ್ಣ ಗೇಣಿ ಹಿಡುವಳಿಗಳು, ಹುಲ್ಲುಗದ್ದೆ. ಉತ್ತರಕ್ಕೆ ಹೀದರ್ ಪೊದೆಯ ಬೋಳುಗುಡ್ಡ, ಊರೊಟ್ಟಿನ ಕುರಿ ಮೇವು, 217 ಮೀಟರಿನ ವಾರ್ಡ್ ಹಿಲ್, ಸುತ್ತ ನೆಟ್ಟಗೆ ಕಡಲಿಗೆ ಇಳಿಯುವ ಬಂಡೆ. ಮರ ಇಲ್ಲ. ಬೇಲಿ ಹಾಕಿ ಕಾಪಾಡಿದ ಒಂದು ಪುಟ್ಟ ತೋಪಿದೆ, ಅದೂ ಗಾಳಿಯ ಹೊಡೆತಕ್ಕೆ ಆಳೆತ್ತರ ಮೀರುವುದೇ ಕಷ್ಟ.

1861ರಲ್ಲಿ ಇಲ್ಲಿ ಸುಮಾರು 380 ಜನ ಇದ್ದರು. 2011ರ ಜನಗಣತಿಯಲ್ಲಿ 68. ಆಮೇಲೆ ಇನ್ನೂ ಇಳಿದಿದೆ. ಇಷ್ಟು ಕಡಿಮೆ ಜನ ಒಂದು ಊರನ್ನು ನಡೆಸಬೇಕಾದರೆ ಒಬ್ಬೊಬ್ಬರೂ ನಾಲ್ಕಾರು ಕೆಲಸ ಹಿಡಿಯಬೇಕು. ದೋಣಿಯ ಸಿಬ್ಬಂದಿಯೇ ಕುರಿ ಸಾಕುವವರು, ರನ್‌ವೇಯ ಅಗ್ನಿಶಾಮಕ ಪಾಳಿಗೆ ನಿಂತವರೇ ರಸ್ತೆ ದುರಸ್ತಿಯವರು, ಅವರೇ ಚಳಿಗಾಲದಲ್ಲಿ ಹೆಣಿಗೆ ಹಾಕುವವರು. ಯಾರೋ ಒಬ್ಬರು ಊರು ಬಿಟ್ಟರೆ ನಾಲ್ಕು ಹುದ್ದೆ ಒಟ್ಟಿಗೇ ಖಾಲಿಯಾಗುತ್ತದೆ. ಪ್ರಾಥಮಿಕ ಶಾಲೆ ದ್ವೀಪದಲ್ಲೇ ಇದೆ. ಮುಂದಿನ ಓದಿಗೆ ಮಕ್ಕಳು ಶೆಟ್‌ಲ್ಯಾಂಡಿನ ಲರ್ವಿಕ್ ಪಟ್ಟಣದ ಹಾಸ್ಟೆಲಿಗೆ ಹೋಗಬೇಕು. ಒಂದೇ ಅಂಗಡಿ, ಒಬ್ಬರು ನರ್ಸ್.

ಹೊರಜಗತ್ತಿನ ಕೊಂಡಿ ಎರಡು. ಒಂದು ದೋಣಿ, 'ಗುಡ್ ಶೆಪರ್ಡ್ 4'. 1986ರದು, 12 ಪ್ರಯಾಣಿಕರಿಗೆ ಮಾತ್ರ ಜಾಗ. ಶೆಟ್‌ಲ್ಯಾಂಡಿನ ಗ್ರಟ್ನೆಸ್ ಬಂದರಿಗೆ ಎರಡೂವರೆ ತಾಸು, ಬೇಸಿಗೆಯಲ್ಲಿ ವಾರಕ್ಕೆ ಮೂರು ಸಲ, ಚಳಿಗಾಲದಲ್ಲಿ ಒಂದು ಸಲ. ದ್ವೀಪದ ನಾರ್ತ್ ಹೇವನ್ ಬಂದರಿಗೆ ಅಲೆಯ ಉಬ್ಬರ ನುಗ್ಗುವುದರಿಂದ ದೋಣಿಯನ್ನು ಕಟ್ಟಿ ತೇಲಲು ಬಿಡುವಂತಿಲ್ಲ. ಜಾರುದಾರಿಯ ಮೇಲೆ ತೊಟ್ಟಿಲಿನಂಥ ಚೌಕಟ್ಟಿಗೇರಿಸಿ ನೀರಿನಿಂದ ಮೇಲಕ್ಕೆ ಎಳೆದು ನಿಲ್ಲಿಸುತ್ತಾರೆ. ಸಾಮಾನನ್ನೆಲ್ಲ ಎತ್ತಿ ಇಳಿಸಬೇಕು. ಇನ್ನೊಂದು ಕೊಂಡಿ ಶೆಟ್‌ಲ್ಯಾಂಡಿನ ಟಿಂಗ್‌ವಾಲ್‌ನಿಂದ ಬರುವ ಎರಡು ಎಂಜಿನ್ನಿನ ಪುಟ್ಟ ಐಲ್ಯಾಂಡರ್ ವಿಮಾನ, 25 ನಿಮಿಷದ ಹಾರಾಟ, ಬೆರಳೆಣಿಕೆಯ ಸೀಟು. ರನ್‌ವೇ ಅರ್ಧ ಕಿಲೋಮೀಟರಿನಷ್ಟೂ ಇಲ್ಲದ ಜಲ್ಲಿ ಪಟ್ಟಿ. ಮಂಜು ಬಿದ್ದರೆ ವಿಮಾನ ಇಲ್ಲ, ಗಾಳಿ ಎದ್ದರೆ ಎರಡೂ ಇಲ್ಲ.

ವಿದ್ಯುತ್ತಿನ ಕಥೆಯೂ ಹೀಗೇ. ಮುಖ್ಯ ಗ್ರಿಡ್ಡಿಗೆ ಸಂಪರ್ಕವಿಲ್ಲ. 1982ರಲ್ಲೇ 60 ಕಿಲೋವಾಟಿನ ಗಾಳಿಯಂತ್ರ ನಿಲ್ಲಿಸಿ ಹೆಸರಾಗಿದ್ದ ಊರು ಇದು. ಆದರೂ ಗಾಳಿ ಬಿದ್ದ ರಾತ್ರಿ 11ಕ್ಕೆ ಮನೆದೀಪ ಆರುತ್ತಿತ್ತು, ಮತ್ತೆ ಬರುವುದು ಬೆಳಗಾದ ಮೇಲೆ. 2018ರ ಅಕ್ಟೋಬರಿನಲ್ಲಿ 35 ಲಕ್ಷ ಪೌಂಡಿನ ಹೊಸ ವ್ಯವಸ್ಥೆ ಬಂತು: 60 ಕಿಲೋವಾಟಿನ ಮೂರು ಗಾಳಿಯಂತ್ರ, 50 ಕಿಲೋವಾಟ್ ಸೌರಫಲಕ, ಬ್ಯಾಟರಿ ಸಂಗ್ರಹ. ಮೊದಲ ಬಾರಿಗೆ ದಿನದ 24 ಗಂಟೆಯೂ ಕರೆಂಟು. ಹೊಸ ಕುಟುಂಬಗಳು ಬಂದು ನೆಲೆಸಲಿ, ಸಣ್ಣ ಉದ್ಯಮ ಬೆಳೆಯಲಿ ಎಂಬುದು ಇದರ ಹಿಂದಿನ ಲೆಕ್ಕ. ಐದು ತಿಂಗಳಿಗೆ ಬೆಂಕಿ ಬಿತ್ತು.

ವೀಕ್ಷಣಾಲಯ ಯಾಕೆ ಇಲ್ಲಿ

ವಲಸೆಯ ಕಾಲದಲ್ಲಿ ದಾರಿ ತಪ್ಪಿದ, ಗಾಳಿ ತಳ್ಳಿದ ಹಕ್ಕಿಗೆ ಉತ್ತರ ಸಮುದ್ರದ ಅಂಚಿನಲ್ಲಿ ಕಾಲೂರಲು ಸಿಗುವ ಒಂಟಿ ನೆಲ ಇದು. ಈಗಲ್ ಕ್ಲಾರ್ಕ್ ಎಂಬ ಪಕ್ಷಿತಜ್ಞರು 1905ರಿಂದ ಇಲ್ಲಿಗೆ ಬರತೊಡಗಿ ದ್ವೀಪವನ್ನು ಪಕ್ಷಿಲೋಕದ ನಕ್ಷೆಗೆ ತಂದರು. ಮುಂದೆ ಜಾರ್ಜ್ ವಾಟರ್‌ಸ್ಟನ್ ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಸೆರೆಸಿಕ್ಕು, ಜರ್ಮನಿಯ ಯುದ್ಧಕೈದಿ ಶಿಬಿರದಲ್ಲಿ ಕೂತು, ಇಲ್ಲೊಂದು ವೀಕ್ಷಣಾಲಯ ಕಟ್ಟುವ ಯೋಜನೆ ಹಾಕಿದರು. 1947ರಲ್ಲಿ ದ್ವೀಪವನ್ನೇ ಕೊಂಡರು, 1948ರಲ್ಲಿ ನೌಕಾಪಡೆ ಬಿಟ್ಟುಹೋಗಿದ್ದ ಗುಡಿಸಲುಗಳಲ್ಲಿ ಕೆಲಸ ಶುರುವಾಯಿತು. 1954ರಲ್ಲಿ ದ್ವೀಪ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ಕೈಗೆ ಹೋಯಿತು. ವೀಕ್ಷಣಾಲಯಕ್ಕೆ 1969ರಲ್ಲಿ ಹೊಸ ಕಟ್ಟಡ, 2010ರಲ್ಲಿ ಸುಮಾರು 40 ಲಕ್ಷ ಪೌಂಡಿನಲ್ಲಿ ಮತ್ತೊಂದು. ಸುಟ್ಟದ್ದು ಈ ಕೊನೆಯದು.

ಮೊದಲ ದಿನದಿಂದಲೂ ಇದು ಸಂಶೋಧನಾ ಕೇಂದ್ರವೂ ಹೌದು, ವಸತಿಗೃಹವೂ ಹೌದು. ಬಂದವರು ಉಂಡು ಮಲಗಿದ ಬಾಡಿಗೆಯಲ್ಲೇ ವಾರ್ಡನ್‌ಗಳ ಸಂಬಳ ಹೊರಡಬೇಕು ಎಂಬ ಏರ್ಪಾಡು. ಒಳ್ಳೆಯ ಏರ್ಪಾಡೇ, ಅನುದಾನಕ್ಕೆ ಕೈಯೊಡ್ಡುತ್ತ ಕೂತಿದ್ದರೆ ಇಷ್ಟು ಕಾಲ ನಡೆಯುತ್ತಿತ್ತೆಂದು ಹೇಳಲಾಗದು. ಅದರ ದೌರ್ಬಲ್ಯ ಕಂಡದ್ದು ಎರಡೂ ಒಂದೇ ಸೂರಿನಡಿ ಸುಟ್ಟಾಗ.

ಬಲೆಯ ಸುತ್ತು

ವೀಕ್ಷಣಾಲಯದ ದಿನಚರಿ ಅರ್ಥವಾಗಬೇಕಾದರೆ ಹೆಲಿಗೋಲ್ಯಾಂಡ್ ಬಲೆಯನ್ನು ಹತ್ತಿರದಿಂದ ನೋಡಬೇಕು. ಜರ್ಮನಿಯ ಹೆಲಿಗೋಲ್ಯಾಂಡ್ ದ್ವೀಪದಲ್ಲಿ ರೂಪುಗೊಂಡ ಕಾರಣ ಆ ಹೆಸರು. ಮರದ ಕಂಬಗಳ ಮೇಲೆ ತಂತಿಬಲೆ ಹೊದಿಸಿದ, ಜನ ನಡೆದು ಒಳಹೋಗುವಷ್ಟು ದೊಡ್ಡ ಕೊಳವೆ. ಬಾಯಿ ಅಗಲ, ಹೋಗುತ್ತ ಹೋಗುತ್ತ ಕಿರಿದು, ಕೊನೆಗೊಂದು ತಿರುವು, ತಿರುವಿನಾಚೆ ಹಿಂಬದಿಗೆ ಗಾಜಿರುವ ಪೆಟ್ಟಿಗೆ. ಮರವಿಲ್ಲದ ದ್ವೀಪದಲ್ಲಿ ದಣಿದ ಸಣ್ಣ ಹಕ್ಕಿ ಕಲ್ಲುಗೋಡೆಯ ಮಗ್ಗುಲು, ತೊರೆಯ ಕೊರಕಲು, ಒಂದೆರಡು ಪೊದೆ ಹುಡುಕುತ್ತದೆ. ಬಲೆಗಳನ್ನು ಕಟ್ಟಿರುವುದು ಸರಿಯಾಗಿ ಅಂಥ ಜಾಗಗಳ ಮೇಲೆಯೇ. ಆಹಾರದ ಆಮಿಷ ಬೇಕಿಲ್ಲ, ಮರೆಯೇ ಆಮಿಷ.

ಬೆಳಗಿನ ತಿಂಡಿಗೆ ಮುಂಚೆ ಮೊದಲ ಸುತ್ತು. ಇಬ್ಬರು ಮೂವರು ಬಾಯಿಯ ಅಗಲಕ್ಕೆ ಸಾಲಾಗಿ ನಿಂತು, ಪೊದೆ ತಟ್ಟುತ್ತ, ಅವಸರವಿಲ್ಲದೆ ಒಳಗೆ ನಡೆಯುತ್ತಾರೆ. ಹಕ್ಕಿ ಮುಂದೆ ಮುಂದೆ ಹಾರಿ, ತಿರುವು ದಾಟಿ, ಬೆಳಕು ಕಂಡ ಗಾಜಿನ ಕಡೆಗೆ ನುಗ್ಗಿ ಪೆಟ್ಟಿಗೆಗೆ ಬೀಳುತ್ತದೆ, ಬಾಗಿಲು ಮುಚ್ಚುತ್ತಾರೆ. ತಿರುವು ಇರುವುದು ಇದಕ್ಕೇ: ಮುಂದೆ ದಾರಿ ಮುಗಿದಿದೆ ಎಂದು ಹಕ್ಕಿಗೆ ಮೊದಲೇ ಕಾಣಬಾರದು.

ಎಡವಟ್ಟು ಆಗುವುದು ಸಣ್ಣ ವಿಷಯಗಳಲ್ಲಿ. ಹೊಸಬರು ಓಡಿದರೆ ಹಕ್ಕಿ ಗಾಬರಿಯಾಗಿ ತಲೆಯ ಮೇಲಿಂದಲೇ ಹಿಂದಕ್ಕೆ ಹಾರುತ್ತದೆ. ಸಾಲಿನಲ್ಲಿ ಒಬ್ಬರು ಹಿಂದೆ ಬಿದ್ದರೆ ಆ ಸಂದಿನಲ್ಲೇ ತಪ್ಪಿಸಿಕೊಳ್ಳುತ್ತದೆ. ಗಾಜಿನ ಮೇಲೆ ಕಡಲುಪ್ಪು ಕೂತು ಮಂಕಾದರೆ ಬೆಳಕಿನ ಸೆಳೆತ ಕಡಿಮೆಯಾಗಿ ಹಕ್ಕಿ ತಿರುವಿನಲ್ಲೇ ಕೂತುಬಿಡುತ್ತದೆ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿದು ಮುಷ್ಟಿಯಷ್ಟು ತೂತಾದರೆ ಸಾಕು, ಅದನ್ನು ಹೊಲಿಯುವವರೆಗಿನ ಸುತ್ತುಗಳೆಲ್ಲ ದಂಡ. ಆದ್ದರಿಂದ ಚಳಿಗಾಲದ ಬಿರುಗಾಳಿ ಕಳೆದೊಡನೆ ವಸಂತದ ಮೊದಲ ಕೆಲಸ ಬಲೆಗಳ ರಿಪೇರಿ: ಕಂಬ ಬದಲು, ತಂತಿ ಹೊಲಿಗೆ, ಬಾಗಿಲಿನ ಹಗ್ಗ. ಬೆಂಕಿ ಬಿದ್ದದ್ದು ಈ ಕೆಲಸಗಳ ಹೊಸ್ತಿಲಲ್ಲೇ.

ಹಿಡಿದ ಹಕ್ಕಿ ಹತ್ತಿಬಟ್ಟೆಯ ಚೀಲಕ್ಕೆ ಹೋಗುತ್ತದೆ. ಚೀಲದ ಹೊಲಿಗೆ ಹೊರಮುಖವಾಗಿರಬೇಕು, ಇಲ್ಲವಾದರೆ ಬಿಟ್ಟ ದಾರಕ್ಕೆ ಉಗುರು ಸಿಕ್ಕುತ್ತದೆ. ಆಮೇಲೆ ತೋರುಬೆರಳು ಮತ್ತು ನಡುಬೆರಳಿನ ಸಂದಿನಲ್ಲಿ ಕತ್ತು, ಅಂಗೈಗೆ ಬೆನ್ನು ಬರುವಂತೆ ಹಿಡಿದು ಕಾಲಿಗೆ ಅಂಕಿ ಕೆತ್ತಿದ ಉಂಗುರ. ಅತಿ ಸಣ್ಣ ಹಕ್ಕಿಗಳ 'ಎಎ' ಅಳತೆಯ ಉಂಗುರದ ಒಳವ್ಯಾಸ 2 ಮಿ.ಮೀ. ಇಕ್ಕಳದಲ್ಲಿ ಒತ್ತಿದ ಮೇಲೆ ಎರಡು ತುದಿ ಕೂದಲೆಳೆಯೂ ಹೋಗದಂತೆ ಕೂಡಬೇಕು, ಉಂಗುರ ಕಾಲಿನ ಮೇಲೆ ಸಲೀಸಾಗಿ ಜಾರಬೇಕು. ರೆಕ್ಕೆಯ ಉದ್ದ ಮಿ.ಮೀ. ಲೆಕ್ಕದಲ್ಲಿ, ಕೊರಳಿನ ಕುಳಿಯ ಗರಿಯನ್ನು ಊದಿ ಸರಿಸಿ ಚರ್ಮದಡಿಯ ಹಳದಿ ಕೊಬ್ಬು ಎಷ್ಟೆಂದು ಅಂಕ, ಕೊನೆಗೆ ತೂಕ. ಗೋಲ್ಡ್‌ಕ್ರೆಸ್ಟ್ ಎಂಬ ಹಕ್ಕಿ ಐದಾರು ಗ್ರಾಂ. ಉತ್ತರ ಸಮುದ್ರ ದಾಟಿ ಬಂದಾಗ ಅದಕ್ಕಿಂತಲೂ ಕಡಿಮೆ ತೂಗುವುದುಂಟು. ಅಂಥದ್ದನ್ನು ಅಳತೆಯ ಆಸೆಗೆ ಇಟ್ಟುಕೊಂಡರೆ ಸಾಯುತ್ತದೆ. ಉಂಗುರ ಹಾಕಿ ಬಿಟ್ಟುಬಿಡುವುದೇ ಸರಿ. ಮಳೆ ಜೋರಾದರೆ ಸುತ್ತನ್ನೇ ರದ್ದು ಮಾಡುತ್ತಾರೆ.

ಸಂಜೆಯ ಲಾಗ್

ಬಲೆಗೆ ಬೀಳುವುದು ಕೆಲವೇ ಹಕ್ಕಿ. ಉಳಿದದ್ದಕ್ಕೆ ನಡಿಗೆ. ವಲಸೆ ಕಾಲದಲ್ಲಿ ದ್ವೀಪವನ್ನು ಪಾಲು ಮಾಡಿಕೊಂಡು ಸಿಬ್ಬಂದಿ ಪ್ರತಿದಿನ ನಡೆದು ಎಣಿಸುತ್ತಾರೆ. ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತಾಗ ವಾರ್ಡನ್ ಒಂದೊಂದೇ ಜಾತಿಯ ಹೆಸರು ಕೂಗುತ್ತಾರೆ. ಸಿಬ್ಬಂದಿ, ಅತಿಥಿಗಳು ತಾವು ಕಂಡ ಸಂಖ್ಯೆ ಹೇಳುತ್ತಾರೆ. ಇದಕ್ಕೆ ಲಾಗ್ ಎಂದು ಹೆಸರು. ಒಂದೇ ಹಕ್ಕಿಯನ್ನು ಮೂವರು ಕಂಡಿದ್ದರೆ ಮೂರಾಗಬಾರದು, ಬೇರೆ ಪಾಲಿನವಾದರೆ ಕೂಡಿಸಬೇಕು. ಈ ಜಗ್ಗಾಟ ಅಲ್ಲೇ ಮುಗಿದು ಅಂಕಿ ಪುಸ್ತಕಕ್ಕೆ ಇಳಿಯುತ್ತದೆ. ಬಾಡಿಗೆ ಕೊಟ್ಟು ಬಂದವರ ಕಣ್ಣುಗಳೂ ಹೀಗೆ ಗಣತಿಗೆ ದುಡಿಯುತ್ತವೆ. 30 ಅತಿಥಿಗಳಿದ್ದರೆ 30 ಜೊತೆ ದುರ್ಬೀನು.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆಗ್ನೇಯ ಗಾಳಿ, ಜೊತೆಗೆ ಜಿಟಿಜಿಟಿ ಮಳೆ ಬಂತೆಂದರೆ ಪೂರ್ವದ ಹಕ್ಕಿಗಳು ಇಳಿಯುತ್ತವೆ. ಇದುವರೆಗೆ ದ್ವೀಪದಲ್ಲಿ ದಾಖಲಾದ ಜಾತಿಗಳು 380ಕ್ಕೂ ಹೆಚ್ಚು. ನಮ್ಮ ಕೆರೆಯಂಚಿನಲ್ಲಿ ಚಳಿಗಾಲಕ್ಕೆ ಬಾಲ ಕುಣಿಸುವ ಹಳದಿ ತಲೆಯ ಸಿಪಿಲೆ ಬ್ರಿಟನ್ನಿನಲ್ಲಿ ಮೊದಲ ಸಲ ಖಚಿತವಾಗಿ ದಾಖಲಾದದ್ದು ಇಲ್ಲೇ, 1954ರ ಸೆಪ್ಟೆಂಬರಿನಲ್ಲಿ. ಪಶ್ಚಿಮಘಟ್ಟದ ಪೊದೆಗಳಲ್ಲಿ ಚಳಿಗಾಲ ಪೂರ್ತಿ 'ಚಕ್ ಚಕ್' ಎನ್ನುವ ಬ್ಲೈತನ ಜೊಂಡು ಉಲಿಯಕ್ಕಿಯೂ ಆಗಾಗ ಇಲ್ಲಿ ಸಿಗುತ್ತದೆ. ಆಗ್ನೇಯಕ್ಕೆ ಬರಬೇಕಾದ ಮರಿ ದಿಕ್ಕು ತಪ್ಪಿ ಪಶ್ಚಿಮಕ್ಕೆ ಹೋಗಿರುತ್ತದೆ. ಬ್ರಿಟನ್ನಿನ ಹಕ್ಕಿಹುಚ್ಚರು ಇಲ್ಲಿಗೆ ಮುಖ್ಯವಾಗಿ ಬರುವುದು ಲ್ಯಾನ್ಸಿಯೊಲೇಟೆಡ್ ವಾರ್ಬ್ಲರ್‌ಗೆ. ಸೈಬೀರಿಯದ ಈ ಗೆರೆಗೆರೆ ಹಕ್ಕಿ ಹಾರುವುದನ್ನೇ ಮರೆತಂತೆ ಹುಲ್ಲಿನ ಬುಡದಲ್ಲಿ ಇಲಿಯ ಹಾಗೆ ಓಡಾಡುತ್ತದೆ, ನಿಂತವರ ಬೂಟಿನ ಪಕ್ಕದಲ್ಲೇ ಹಾದುಹೋದರೂ ಕಾಣದು. ಇಂಥದ್ದೊಂದು ಸಿಕ್ಕಿದ ಸುದ್ದಿ ಹರಡಿದರೆ ವಿಮಾನದ ಸೀಟು ತುಂಬುತ್ತದೆ, ಅಂಗಡಿಯಲ್ಲಿ ವ್ಯಾಪಾರವಾಗುತ್ತದೆ, ಹೆಣಿಗೆಯವರ ಟೊಪ್ಪಿಗೆ ಖರ್ಚಾಗುತ್ತದೆ.

ಬಂಡೆಯ ಮೇಲಿನ ಕುಸಿತ

ಅಪರೂಪದ ಹಕ್ಕಿಗಿಂತ ದಾಖಲೆಯ ನಿಜವಾದ ಬೆಲೆ ಇರುವುದು ಮಾಮೂಲಿ ಕಡಲಹಕ್ಕಿಗಳ ಲೆಕ್ಕದಲ್ಲಿ. 1980ರ ದಶಕದಿಂದ ಫೇರ್ ಐಲ್ ಬ್ರಿಟನ್ನಿನ ಕಡಲಹಕ್ಕಿ ಗಣತಿಯ ಪ್ರಮುಖ ನೆಲೆಗಳಲ್ಲಿ ಒಂದು. ಗುರುತಿಸಿದ ಬಂಡೆಭಾಗಗಳ ಫೋಟೊ ಇಟ್ಟುಕೊಂಡು, ಗೂಡಿಗೊಂದು ಸಂಖ್ಯೆ ಕೊಟ್ಟು, ಋತುವಿಡೀ ಹೋಗಿ ಮೊಟ್ಟೆ ಇದೆಯೇ, ಮರಿ ಇದೆಯೇ, ಹಾರಿತೇ ಎಂದು ನೋಡುತ್ತಾರೆ. ಪ್ರತಿಸಲ ಅದೇ ಜಾಗದಲ್ಲಿ ನಿಂತು, ಅದೇ ಕೋನದಿಂದ. ಜಾಗ ಬದಲಾದರೆ ಹಿಂದಿನ ವರ್ಷದ ಅಂಕಿಯ ಪಕ್ಕ ಇಡಲು ಬರುವುದಿಲ್ಲ.

ಕಿಟ್ಟಿವೇಕ್ ಎಂಬ ಕಡಲಕ್ಕಿಯ ಗೂಡು 1988ರಲ್ಲಿ 19,000ಕ್ಕೂ ಹೆಚ್ಚಿತ್ತು. 2013ರ ಹೊತ್ತಿಗೆ ಸಾವಿರಕ್ಕಿಂತ ಕೆಳಗೆ. ಕಾರಣ ಸ್ಯಾಂಡ್‌ಈಲ್ ಎಂಬ ಬೆರಳುದ್ದದ ಮೀನು. ಶೆಟ್‌ಲ್ಯಾಂಡ್ ನೀರಿನಲ್ಲಿ ಹಿಡಿದ ಈ ಮೀನು 1982ರಲ್ಲಿ 50,000 ಟನ್ ದಾಟಿತ್ತು. ಆಮೇಲೆ ಕುಸಿದು 1991ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ಎಲ್ಲ ಸರಿಹೋಗಲಿಲ್ಲ, ಯಾಕೆಂದರೆ ಕಡಲು ಬಿಸಿಯಾಗುತ್ತಿದೆ. ತಣ್ಣೀರಿನ ಕೊಬ್ಬುಳ್ಳ ತೇಲುಜೀವಿ ಕಡಿಮೆಯಾಗಿ, ಅದನ್ನು ತಿಂದು ಬೆಳೆಯುವ ಮೀನು ಸೊರಗುತ್ತದೆ. ಕಿಟ್ಟಿವೇಕ್ ನೀರಿನ ಮೇಲ್ಪದರದಲ್ಲಷ್ಟೇ ಕೊಕ್ಕು ಹಾಕಬಲ್ಲದು, ಮೀನು ಆಳಕ್ಕಿಳಿದರೆ ಅದರ ಮರಿ ಉಪವಾಸ. ಆಳಕ್ಕೆ ಮುಳುಗುವ ಗಿಲ್ಲೆಮಾಟ್ ತುಸು ತಡೆದುಕೊಳ್ಳುತ್ತದೆ. ಮ್ಯಾಕೆರಲ್ ಬಂಗುಡೆಯನ್ನೂ ಹೆರಿಂಗನ್ನೂ ಹಿಡಿಯಬಲ್ಲ ಗ್ಯಾನೆಟ್ ಮಾತ್ರ ಏರುತ್ತಲೇ ಹೋಯಿತು. 1975ರಲ್ಲಿ ಇಲ್ಲಿ ಮೊದಲ ಬಾರಿಗೆ ಗೂಡು ಕಟ್ಟಿದ ಹಕ್ಕಿ ಈಗ ಸಾವಿರಗಟ್ಟಲೆ.

ಮೀನು ಕಡಿಮೆಯಾಗಿದೆ ಎಂದು ಮೊದಲು ತಕರಾರು ತೆಗೆದವರಲ್ಲಿ ದ್ವೀಪದ ಜನರೂ ಇದ್ದರು. ದ್ವೀಪದ ಸುತ್ತಲ ಕಡಲಿಗೆ ರಕ್ಷಣೆ ಕೇಳುತ್ತ ಅವರು ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ 2016ರಲ್ಲಿ ಅದು ಸ್ಕಾಟ್ಲೆಂಡಿನ ಮೊದಲ 'ಪ್ರಾತ್ಯಕ್ಷಿಕೆ ಮತ್ತು ಸಂಶೋಧನಾ' ಸಂರಕ್ಷಿತ ಪ್ರದೇಶವಾಯಿತು. ಹೆಸರಿನಲ್ಲಿರುವುದು ಸಂಶೋಧನೆ, ಮೀನುಗಾರಿಕೆ ನಿಷೇಧವಲ್ಲ. ಇದನ್ನು ಗೆಲುವೆಂದು ಬಣ್ಣಿಸಿದವರು ಆ ಭಾಗವನ್ನು ಸಣ್ಣದಾಗಿ ಹೇಳಿದರು. ಸ್ಕಾಟ್ಲೆಂಡಿನ ಇಡೀ ನೀರಿನಲ್ಲಿ ಸ್ಯಾಂಡ್‌ಈಲ್ ಹಿಡಿಯುವುದಕ್ಕೆ ತಡೆ ಬಂದದ್ದು 2024ರಲ್ಲಿ. ಯುರೋಪಿಯನ್ ಒಕ್ಕೂಟ ತಕರಾರು ಎತ್ತಿತು, 2025ರ ಮಧ್ಯಸ್ಥಿಕೆ ತೀರ್ಪಿನಲ್ಲಿ ಸ್ಕಾಟ್ಲೆಂಡಿನ ತಡೆ ಉಳಿದುಕೊಂಡಿತು.

ಸುಟ್ಟ ಮೇಲೆ

ಈಗ ಎರಡು ಎಳೆಯನ್ನೂ ಒಟ್ಟಿಗೆ ಹಿಡಿದು ನೋಡಬಹುದು. ಗಣತಿ ನಿಲ್ಲಲಿಲ್ಲ. ದ್ವೀಪದ ಬೇರೆ ಸೂರಿನಡಿ ಇದ್ದುಕೊಂಡು ಸಿಬ್ಬಂದಿ ಕೆಲಸ ಮುಂದುವರಿಸಿದರು. ಬಲೆಗಳು ಕಟ್ಟಡದಿಂದ ದೂರ, ಬಯಲಲ್ಲಿ ಇದ್ದವು. ಬಂಡೆಯ ಗೂಡುಗಳಿಗೆ ಹಳೆಯ ನಕ್ಷೆ, ಹಳೆಯ ಅಂಕಿ ಕೈಯಲ್ಲಿತ್ತು. ಬೇರೆಲ್ಲೂ ಇಲ್ಲದ ಫೇರ್ ಐಲ್ ರೆನ್ ಉಪಜಾತಿಯ ಎಣಿಕೆಯೂ ಇಂಥದ್ದೇ. ಹೆಚ್ಚಿನ ವರ್ಷ 50ಕ್ಕೂ ಕಡಿಮೆ ಗಂಡುಗಳು ಹಾಡುವ ಈ ಪುಟ್ಟ ಹಕ್ಕಿ ಕಡಲಂಚಿನ ಬಂಡೆಗಳ ಸಂದಿನಲ್ಲಿ, ಕೊಳೆತ ಪಾಚಿಯ ಹುಳು ತಿಂದು ಬದುಕುತ್ತದೆ. ಎಣಿಸಲು ವಸಂತದ ಬೆಳಗ್ಗೆ ಕಿವಿ ಕೊಟ್ಟು ನಡೆಯುವ ಒಬ್ಬರು ಸಾಕು, ಕಟ್ಟಡ ಬೇಕಿಲ್ಲ.

ಆದರೆ ಬಾಡಿಗೆ ನಿಂತಿತು. ಉಳಿದಂತೆ ದ್ವೀಪದಲ್ಲಿ ಅತಿಥಿಗಳಿಗೆ ಇದ್ದದ್ದು ಕೆಲವೇ ಮನೆಗಳ ಕೋಣೆ. ವೀಕ್ಷಣಾಲಯದ ಅಡುಗೆಮನೆ ಅಂಗಡಿಗೆ ದೊಡ್ಡ ಗಿರಾಕಿ, ಅದರ ಅತಿಥಿಗಳು ದೋಣಿಗೂ ವಿಮಾನಕ್ಕೂ ಮುಖ್ಯ ಪ್ರಯಾಣಿಕರು, ಅದರ ಸಿಬ್ಬಂದಿ ಬೇಸಿಗೆಯಲ್ಲಿ ಊರಿನ ತಲೆ ಎಣಿಕೆಯ ಗಣನೀಯ ಭಾಗ. ಮರುವರ್ಷ ಕೋವಿಡ್ ಬಂತು. 2022ರಲ್ಲಿ ಹಕ್ಕಿಜ್ವರ ಶೆಟ್‌ಲ್ಯಾಂಡಿನ ಉದ್ದಕ್ಕೂ ಬಾಂಕ್ಸಿ ಎಂದು ಕರೆಯುವ ಗ್ರೇಟ್ ಸ್ಕುವಾ ಕಡಲಹಕ್ಕಿಗಳನ್ನು ಕೊಚ್ಚಿಹಾಕಿತು; ಅದಕ್ಕೂ ಮೊದಲು ಜಗತ್ತಿನ ಬಾಂಕ್ಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕಾಟ್ಲೆಂಡಿನಲ್ಲೇ ಗೂಡು ಮಾಡುತ್ತಿದ್ದವು. ಎಣಿಸುವವರು ಅತಿ ಬೇಕಾಗಿದ್ದ ವರ್ಷಗಳಲ್ಲೇ ಅವರಿಗೆ ಅನ್ನ ಹಾಕುತ್ತಿದ್ದ ಮನೆ ಇರಲಿಲ್ಲ.

ಮತ್ತೆ ಕಟ್ಟಲು ಅಂದಾಜು 74 ಲಕ್ಷ ಪೌಂಡ್. ಒಂಬತ್ತು ವರ್ಷದ ಹಿಂದೆ ಕಟ್ಟಿದ್ದಕ್ಕೆ ಆದ ಖರ್ಚಿನ ಹತ್ತಿರಹತ್ತಿರ ಎರಡು ಪಟ್ಟು. ವಿಮೆಯ ಹಣಕ್ಕೆ ದೇಣಿಗೆ, ಅನುದಾನ ಸೇರಿಸಬೇಕಾಯಿತು. ದೂರದ ದ್ವೀಪದಲ್ಲಿ ಕಟ್ಟುವ ಕೆಲಸ ದುಬಾರಿಯಾಗುವುದು ಇಟ್ಟಿಗೆ, ಮರದ ಬೆಲೆಯಿಂದಲ್ಲ. ಕೆಲಸಗಾರರ ಊಟ ವಸತಿಯಿಂದ, ಹವಾಮಾನಕ್ಕೆ ಕಾಯುವ ದಿನಗಳಿಂದ. ಸುಟ್ಟುಹೋದದ್ದೇ ಊರಿನ ವಸತಿಗೃಹವಾದ್ದರಿಂದ ಕೆಲಸಗಾರರನ್ನು ಇಳಿಸುವುದೆಲ್ಲಿ ಎನ್ನುವುದೇ ಮೊದಲ ತೊಡಕು. ಹಾಗಾಗಿ ಕಟ್ಟಡವನ್ನು ಬೇರೆಡೆ ಭಾಗಭಾಗವಾಗಿ ಸಿದ್ಧಪಡಿಸಿ ತಂದು ಜೋಡಿಸುವ ದಾರಿ ಹಿಡಿದರು. ತರ್ಕ ಸರಿ. ಆದರೆ ಕೋಣೆಯಷ್ಟು ದೊಡ್ಡ ಭಾಗಗಳನ್ನು 12 ಜನರ ದೋಣಿಯಲ್ಲಿ ಹೇರಲಾಗದು, ಬೇರೆ ಹಡಗು ಬೇಕು. ಅದು ನಾರ್ತ್ ಹೇವನ್ ಬಂದರಿಗೆ ಬಂದು ನಿಲ್ಲಲು ಶಾಂತ ಕಡಲು ಬೇಕು. ಅಂಥ ದಿನಗಳು ಒಟ್ಟಿಗೆ ಸಿಗುವುದು ಬೇಸಿಗೆಯಲ್ಲಷ್ಟೇ. ಬೇಸಿಗೆ ತಪ್ಪಿದರೆ ತಪ್ಪುವುದು ಒಂದು ತಿಂಗಳಲ್ಲ, ಒಂದು ವರ್ಷ. ಮೊದಲು ಹೇಳಿದ ಗಡುವು ಹೀಗೆ ಜಾರುತ್ತಾ ಹೋಗಿ ಅತಿಥಿಗಳು ಮತ್ತೆ ಬರುವ ಹೊತ್ತಿಗೆ 2025 ಆಗಿತ್ತು.

ಇಂಥ ದ್ವೀಪಗಳಲ್ಲಿ ಸಂಶೋಧನಾ ನೆಲೆ ನಡೆಸುವವರು ಇಲ್ಲಿಂದ ಎತ್ತಿಕೊಳ್ಳಬೇಕಾದ ಕೆಲಸದ ವಿಷಯಗಳಿವೆ. ಸಿಬ್ಬಂದಿಯ ಮನೆ, ಅತಿಥಿಗಳ ಕೋಣೆ, ಗ್ರಂಥಾಲಯ ಮೂರೂ ಒಂದೇ ಗೋಡೆಯೊಳಗೆ ಇರಬಾರದು. ನಡುವೆ ಬೆಂಕಿ ದಾಟದಷ್ಟು ಬಯಲಾದರೂ ಬೇಕು. ಜಾಗ, ದುಡ್ಡು ಎರಡೂ ಇಲ್ಲ ಎನ್ನುವವರಿಗೆ ಫೇರ್ ಐಲ್‌ನ ಖಾಲಿ ವರ್ಷಗಳ ಲೆಕ್ಕ ತೋರಿಸಬಹುದು. ವಿಮೆಯ ಮೊತ್ತವನ್ನು ಕಟ್ಟಿದ ವರ್ಷದ ಖರ್ಚಿಗೆ ಅಲ್ಲ, ದ್ವೀಪಕ್ಕೆ ಸಾಗಿಸಿ ಮತ್ತೆ ಕಟ್ಟುವ ಇವತ್ತಿನ ಖರ್ಚಿಗೆ ಮಾಡಿಸಬೇಕು, ಆದಾಯ ನಿಂತ ಅವಧಿಗೂ ಅದರಲ್ಲಿ ಜಾಗವಿರಬೇಕು; ಆ ಅವಧಿಯನ್ನು ಒಂದು ವರ್ಷವೆಂದು ಹಿಡಿದರೆ ಸಾಲದು. ನಕಲು ಮಾಡಿಟ್ಟ ದಾಖಲೆ ದ್ವೀಪದ ಹೊರಗಿರಬೇಕು.

ಮುಂದಿನ ದುರ್ಬಲ ಕೊಂಡಿ ದೋಣಿ. ಮೂರೂವರೆ ದಶಕ ದುಡಿದ 'ಗುಡ್ ಶೆಪರ್ಡ್' ಬದಲಿಗೆ ವಾಹನ ನೇರವಾಗಿ ಹತ್ತಿಳಿಯುವ ಹಡಗು ತರಲು, ಅದಕ್ಕೆ ತಕ್ಕಂತೆ ನಾರ್ತ್ ಹೇವನ್, ಗ್ರಟ್ನೆಸ್ ಬಂದರುಗಳನ್ನು ಸರಿಪಡಿಸಲು 2023ರಲ್ಲಿ ಬ್ರಿಟನ್ ಸರ್ಕಾರ ಸುಮಾರು 2.7 ಕೋಟಿ ಪೌಂಡ್ ಮಂಜೂರು ಮಾಡಿತು. ಹೊಸ ಕಟ್ಟಡದ ಹಾಸಿಗೆಗಳು ಭರ್ತಿಯಾಗುವುದೂ ಖಾಲಿ ಇರುವುದೂ ಆ ಹಡಗು ವಾರಕ್ಕೆ ಎಷ್ಟು ದಿನ ಬರುತ್ತದೆ ಎನ್ನುವುದರ ಮೇಲಿದೆ.